ಪರೀಕ್ಷೆಯಲ್ಲಿ ಮುಂದೆ, ಫೀಡ್‌ಬ್ಯಾಕ್‌ನಲ್ಲಿ ‘ಪಾಠವೇ ಮಾಡಲಿಲ್ಲ’: ನಾನು ಮತ್ತೆ ಉಪನ್ಯಾಸಕ್ಕೆ ಮರಳಬೇಕೇ?

ಸ್ಥಿರತೂಕ:
ಎಲ್ಲರಿಗೂ ನಮಸ್ಕಾರ. ನಾನು ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸ್ಟ್ಯಾಟಿಕ್ಸ್, ಅಂದರೆ ಅಲುಗಾಡದೆ ನಿಂತ ವಸ್ತುಗಳ ಮೇಲಿನ ಬಲಗಳ ಲೆಕ್ಕ, ಕಲಿಸುತ್ತೇನೆ. 11 ವರ್ಷಗಳಿಂದ ಬೋರ್ಡಿನ ಮೇಲೆ ಬರೆದು, ಲೆಕ್ಕ ಬಿಡಿಸಿ ತೋರಿಸಿ, ಪೋರ್ಷನ್ ಮುಗಿಸಿಕೊಂಡು ಬಂದವನು. ಕಳೆದ ಸೆಮಿಸ್ಟರ್‌ನಲ್ಲಿ ಒಂದೇ ವಿಷಯದ ಎರಡು ಸೆಕ್ಷನ್‌ಗಳು ನನ್ನ ಪಾಲಿಗೆ ಬಂದವು. ಒಂದರಲ್ಲಿ ಎಂದಿನಂತೆ ಉಪನ್ಯಾಸ ಮಾಡಿದೆ. ಇನ್ನೊಂದರಲ್ಲಿ 15 ನಿಮಿಷ ಮಾತ್ರ ವಿವರಿಸಿ, ಉಳಿದ ಹೊತ್ತು ಮೂವರು ಮೂವರ ಗುಂಪುಗಳಿಗೆ ಲೆಕ್ಕ ಕೊಟ್ಟು, ಬೆಂಚುಗಳ ನಡುವೆ ಓಡಾಡುತ್ತಾ, ತಡವರಿಸಿದವರಿಗೆ ಉತ್ತರ ಹೇಳದೆ ಮರುಪ್ರಶ್ನೆ ಕೇಳುವ ಕ್ರಮವನ್ನು ಇಟ್ಟುಕೊಂಡೆ.

ಎರಡೂ ಸೆಕ್ಷನ್‌ಗಳಿಗೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟೆ. ಪುಸ್ತಕದಲ್ಲಿರುವಂಥ ಲೆಕ್ಕಗಳಲ್ಲಿ ಇಬ್ಬರೂ ಹೆಚ್ಚು ಕಡಿಮೆ ಸಮವಾಗಿದ್ದರು. ಆದರೆ ಹಿಂದೆಂದೂ ನೋಡಿರದ ಒಂದು ರಚನೆಗೆ ಫ್ರೀ ಬಾಡಿ ಡಯಗ್ರಾಂ (ವಸ್ತುವೊಂದನ್ನೇ ಬೇರ್ಪಡಿಸಿ ಅದರ ಮೇಲಿನ ಬಲಗಳನ್ನೆಲ್ಲ ತೋರಿಸುವ ಚಿತ್ರ) ಬರೆಯುವ ಪ್ರಶ್ನೆಯಲ್ಲಿ ಗುಂಪು ಮಾಡಿ ಕಲಿತವರು ಎದ್ದು ಕಾಣುವಷ್ಟು ಮುಂದಿದ್ದರು. ನಾನು ಹಿಗ್ಗಿದೆ. ಎರಡು ವಾರ ಕಳೆದು ಫೀಡ್‌ಬ್ಯಾಕ್ ಬಂದಾಗ ಅದೇ ಸೆಕ್ಷನ್‌ನವರು ‘ಇವರು ಪಾಠ ಮಾಡುವುದಿಲ್ಲ, ಎಲ್ಲವನ್ನೂ ನಾವೇ ಕಲಿತುಕೊಳ್ಳಬೇಕು’ ಎಂದು ಬರೆದಿದ್ದರು. ಉಪನ್ಯಾಸ ಕೇಳಿದ ಸೆಕ್ಷನ್‌ನವರು ‘ತುಂಬ ಚೆನ್ನಾಗಿ ಅರ್ಥವಾಗುತ್ತದೆ’ ಎಂದಿದ್ದರು. ವಿಭಾಗದ ಮುಖ್ಯಸ್ಥರು ಕರೆದು, ಮುಂದಿನ ಸೆಮಿಸ್ಟರ್‌ನಿಂದ ಎಲ್ಲರಂತೆ ಪಾಠ ಮಾಡಿ ಎಂದು ಮೆತ್ತಗೆ ಹೇಳಿದ್ದಾರೆ.

ನನ್ನ ಪ್ರಶ್ನೆಗಳು ಎರಡು. ಇಂಥ ವಿರೋಧಾಭಾಸವನ್ನು ಸಂಶೋಧನೆ ಎಲ್ಲಾದರೂ ಗಮನಿಸಿದೆಯೇ? ಮತ್ತು ನಾನು ಮಾಡಿದ ಹೋಲಿಕೆಗೆ ನಿಜವಾಗಿ ಏನಾದರೂ ಬೆಲೆ ಇದೆಯೇ?

ಸಂಶೋಧನಾರ್ಥಿ:
ಮೊದಲ ಪ್ರಶ್ನೆಗೆ ಉತ್ತರ ಇದೆ, ಅದೂ ನಿಮ್ಮ ವಿಷಯದಲ್ಲಿಯೇ ಇದೆ. ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ಹಾರ್ವರ್ಡ್‌ನ ಆರಂಭಿಕ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ಸ್ಥಿರ ಸಮತೋಲನ ಮತ್ತು ದ್ರವಗಳು ಎಂಬ ಎರಡು ಪಾಠಗಳಲ್ಲಿ ಒಂದನ್ನು ಉಪನ್ಯಾಸದಿಂದಲೂ ಇನ್ನೊಂದನ್ನು ಸಕ್ರಿಯ ವಿಧಾನದಿಂದಲೂ (ನಿಮ್ಮಂತೆ ವಿದ್ಯಾರ್ಥಿಗಳೇ ಗುಂಪಿನಲ್ಲಿ ಲೆಕ್ಕ ಬಿಡಿಸುವ ಕ್ರಮ), ಪಾಲುಗಳನ್ನು ಅದಲುಬದಲು ಮಾಡಿ ಕಲಿಸಿದರು. ಪಾಠದ ಸಾಮಗ್ರಿ ಎರಡೂ ಕಡೆ ಒಂದೇ. ಸಕ್ರಿಯ ತರಗತಿಯಲ್ಲಿ ಕೂತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ‘ನಾನು ಎಷ್ಟು ಕಲಿತೆ’ ಎಂಬ ಪ್ರಶ್ನೆಗೆ ಕಡಿಮೆ ಅಂಕ ಕೊಟ್ಟುಕೊಂಡರು.

ಕಾರಣ ಊಹಿಸಲು ಕಷ್ಟವಿಲ್ಲ. ತಲೆ ಕೆರೆದುಕೊಂಡು ಕೂತಾಗ ಆಗುವ ಆಯಾಸವನ್ನು ವಿದ್ಯಾರ್ಥಿ ‘ನನಗೆ ಬರುತ್ತಿಲ್ಲ’ ಎಂದು ಓದಿಕೊಳ್ಳುತ್ತಾನೆ. ಸರಾಗವಾಗಿ ಹರಿಯುವ ಉಪನ್ಯಾಸ ಕೇಳುವಾಗ, ಸರಾಗವಾಗಿರುವುದು ಮೇಷ್ಟ್ರ ತಲೆಯೊಳಗಿನ ಜ್ಞಾನ ಎಂಬುದನ್ನು ಮರೆತು, ಅದು ತನ್ನ ತಲೆಗೇ ಬಂತು ಎಂದುಕೊಳ್ಳುತ್ತಾನೆ.

ಕರಿಹಲಗೆ:
ಈ ವೇದಿಕೆಯಲ್ಲಿ ಬೋಧನೆಯ ಮಾತು ಬಂದಾಗಲೆಲ್ಲ ಉಪನ್ಯಾಸಕ್ಕೆ ಪೆಟ್ಟು ಬೀಳುವುದು ರೂಢಿಯಾಗಿಬಿಟ್ಟಿದೆ. ಆಯ್ದು ತೆಗೆದ ವಿದ್ಯಾರ್ಥಿಗಳಿರುವ ಒಂದು ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಯ ಫಲಿತಾಂಶವನ್ನು, 60 ಜನ ಒತ್ತೊತ್ತಾಗಿ ಕೂರುವ ಎಂಜಿನಿಯರಿಂಗ್ ತರಗತಿಗೆ ಹಾಗೆಯೇ ಅನ್ವಯಿಸುವುದು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ನಾನು 30 ವರ್ಷ ಉಪನ್ಯಾಸ ಮಾಡಿದ್ದೇನೆ. ಉಪನ್ಯಾಸ ಕೇಳಿಯೇ ಕಲಿತ ತಲೆಮಾರುಗಳು ಸೇತುವೆ, ಅಣೆಕಟ್ಟು, ವಿಮಾನಗಳನ್ನು ಕಟ್ಟಲಿಲ್ಲವೇ?

ಕೊನೆಬೆಂಚಿನವ:
ಕಟ್ಟಿದವರನ್ನು ಎಣಿಸಿದಿರಿ ಸರ್, ನಡುವೆಯೇ ಬಿಟ್ಟು ಹೋದವರನ್ನು ಎಣಿಸಿದವರು ಯಾರು?

ಸಂಶೋಧನಾರ್ಥಿ:
ಅವರನ್ನೂ ಎಣಿಸಿದವರಿದ್ದಾರೆ. ಎಲೇನ್ ಸೀಮೋರ್ ಮತ್ತು ನ್ಯಾನ್ಸಿ ಹೆವಿಟ್ ಅಮೆರಿಕದ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ದೀರ್ಘವಾಗಿ ಸಂದರ್ಶಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಮಾತೇ ಅದು. ಬಿಟ್ಟು ಹೋದವರು ಉಳಿದವರಿಗಿಂತ ದಡ್ಡರಾಗಿರಲಿಲ್ಲ. ಕಳಪೆ ಬೋಧನೆಯ ಬಗ್ಗೆ ಬಿಟ್ಟವರೂ ದೂರಿದರು, ಉಳಿದವರೂ ದೂರಿದರು.

ಅಂಕಿಸಂಖ್ಯೆ:
ಒಂದೇ ಪ್ರಯೋಗವನ್ನು ಹಿಡಿದು ಜಗ್ಗಾಡುವ ಅಗತ್ಯವಿಲ್ಲ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸಕ್ರಿಯ ಕಲಿಕೆಯ ತರಗತಿಗಳಲ್ಲಿ ಪರೀಕ್ಷೆಯ ಸಾಧನೆ ಸರಾಸರಿ 0.47 ಪ್ರಮಾಣ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) ಮೇಲಿತ್ತು. ಅನುತ್ತೀರ್ಣರಾದವರ ಸರಾಸರಿ ಪ್ರಮಾಣ ಉಪನ್ಯಾಸದಲ್ಲಿ ಶೇ 33.8, ಸಕ್ರಿಯ ಕಲಿಕೆಯಲ್ಲಿ ಶೇ 21.8. ಕರಿಹಲಗೆಯವರ ಗಮನಕ್ಕೆ, ಎಂಜಿನಿಯರಿಂಗ್ ತರಗತಿಗಳೂ ಅದರಲ್ಲಿ ಸೇರಿವೆ.

ಆದರೆ ಇನ್ನೊಂದು ಕಡೆಯವರಿಗೂ ಒಂದು ಮಾತು. ‘ಸಕ್ರಿಯ ಕಲಿಕೆ’ ಎಂಬುದು ಒಂದು ದೊಡ್ಡ ಗೋಣಿಚೀಲ. ಪಾಠದ ನಡುವೆ ಎರಡು ನಿಮಿಷ ಪಕ್ಕದವರೊಡನೆ ಮಾತಾಡಿಸುವುದೂ ಅದರೊಳಗೆ ಬರುತ್ತದೆ, ಇಡೀ ಸೆಮಿಸ್ಟರ್ ಪ್ರಾಜೆಕ್ಟ್ ಮಾಡಿಸುವುದೂ ಬರುತ್ತದೆ. ಸರಾಸರಿ ಮೇಲಿದೆ ಎಂದ ಮಾತ್ರಕ್ಕೆ ಚೀಲದೊಳಗಿನ ಪ್ರತಿಯೊಂದು ವಸ್ತುವೂ ಕೆಲಸ ಮಾಡುತ್ತದೆ ಎಂದು ಅರ್ಥವಲ್ಲ.

ಇನ್ನು ಸ್ಥಿರತೂಕ ಅವರ ಹೋಲಿಕೆಯ ವಿಷಯ. ಎರಡೂ ಕಡೆ ನೀವೇ ಕಲಿಸಿದ್ದು ಒಳ್ಳೆಯದು. ಆದರೆ ಉತ್ತರಪತ್ರಿಕೆ ತಿದ್ದಿದವರು ಯಾರು? ತಿದ್ದುವಾಗ ಯಾವ ಸೆಕ್ಷನ್ ಎಂದು ಗೊತ್ತಿತ್ತೇ? ಸೆಮಿಸ್ಟರ್ ಆರಂಭದಲ್ಲಿ ಎರಡೂ ಸೆಕ್ಷನ್‌ಗಳು ಸಮವಾಗಿದ್ದವು ಎಂದು ಹೇಗೆ ಹೇಳುತ್ತೀರಿ?

ಸ್ಥಿರತೂಕ:
ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ: ತಿದ್ದಿದ್ದು ನಾನೇ, ಹೆಸರುಗಳನ್ನು ಮುಚ್ಚಿರಲಿಲ್ಲ, ಆರಂಭದಲ್ಲಿ ಯಾವ ಪರೀಕ್ಷೆಯನ್ನೂ ಕೊಟ್ಟಿರಲಿಲ್ಲ. ಸೆಕ್ಷನ್‌ಗಳು ಪ್ರವೇಶ ಸಂಖ್ಯೆಯ ಪ್ರಕಾರ ಆಗಿದ್ದವು, ಆದ್ದರಿಂದ ಸಮವಾಗಿರಬೇಕು ಎಂದುಕೊಂಡಿದ್ದೆ.

ಅಂಕಿಸಂಖ್ಯೆ:
ಹಾಗಾದರೆ ನಿಮ್ಮ ಬಳಿ ಇರುವುದು ಸುಳಿವು, ಸಾಕ್ಷ್ಯವಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದೂ ಇಲ್ಲ, ಅಧ್ಯಾಪಕರು ನಡೆಸುವ ಮುಕ್ಕಾಲು ಹೋಲಿಕೆಗಳು ಹೀಗೆಯೇ ಇರುತ್ತವೆ.

ಮುಂದಿನ ಸಲ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ ಒಂದೇ ಪರಿಕಲ್ಪನಾ ಪರೀಕ್ಷೆಯನ್ನು, ಅಂದರೆ ಲೆಕ್ಕಾಚಾರಕ್ಕಿಂತ ಮೂಲ ತಿಳಿವಳಿಕೆಯನ್ನು ಅಳೆಯುವ ಪರೀಕ್ಷೆಯನ್ನು, ಕೊಡಿ. ರಿಚರ್ಡ್ ಹೇಕ್ 1998ರಲ್ಲಿ ಮಾಡಿದ್ದು ಅದನ್ನೇ. 62 ಭೌತಶಾಸ್ತ್ರ ಕೋರ್ಸ್‌ಗಳ 6,542 ವಿದ್ಯಾರ್ಥಿಗಳಲ್ಲಿ, ಗಳಿಸಲು ಉಳಿದಿದ್ದ ಅಂಕದಲ್ಲಿ ಎಷ್ಟು ಭಾಗ ನಿಜವಾಗಿ ಗಳಿಕೆಯಾಯಿತು ಎಂದು ಅಳೆದರು. ಸಾಂಪ್ರದಾಯಿಕ ಕೋರ್ಸ್‌ಗಳಲ್ಲಿ ಆ ಭಾಗ ಸರಾಸರಿ 0.23, ವಿದ್ಯಾರ್ಥಿಗಳನ್ನು ತೊಡಗಿಸಿದ ಕೋರ್ಸ್‌ಗಳಲ್ಲಿ 0.48. ಹೀಗೆ ಅಳೆದರೆ ಆರಂಭದಲ್ಲೇ ಮುಂದಿದ್ದ ಸೆಕ್ಷನ್ ಅನಾಯಾಸವಾಗಿ ಗೆದ್ದಂತೆ ಕಾಣುವ ಸಮಸ್ಯೆ ಬಹಳಮಟ್ಟಿಗೆ ತಪ್ಪುತ್ತದೆ. ಸ್ಟ್ಯಾಟಿಕ್ಸ್‌ಗೂ ಪಾಲ್ ಸ್ಟೀಫ್ ಮತ್ತು ಜಾನ್ ಡಾಂಟ್ಸ್ಲರ್ ರೂಪಿಸಿದ ಪರಿಕಲ್ಪನಾ ಪರೀಕ್ಷೆ ಇದೆ. ಎರಡನೆಯದಾಗಿ, ಟ್ರಸ್ (ಸರಳುಗಳನ್ನು ತ್ರಿಕೋನಗಳಾಗಿ ಜೋಡಿಸಿದ ರಚನೆ) ಪಾಠವನ್ನು ಒಂದು ಸೆಕ್ಷನ್‌ಗೆ ಗುಂಪಿನಲ್ಲಿಯೂ ಘರ್ಷಣೆಯ ಪಾಠವನ್ನು ಇನ್ನೊಂದಕ್ಕೆ ಗುಂಪಿನಲ್ಲಿಯೂ ಮಾಡಿ. ಆಗ ಯಾವ ಸೆಕ್ಷನ್ ಜಾಣ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಸರ್ಕ್ಯೂಟ್‌ಮೇಡಂ:
ನನ್ನದೊಂದು ಸೋಲಿನ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಇಲ್ಲಿ ಎಲ್ಲರೂ ಗೆದ್ದ ಕಥೆಗಳನ್ನೇ ಹೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಇಂಥದ್ದೇ ಉತ್ಸಾಹದಲ್ಲಿ ನಾನು ಸರ್ಕ್ಯೂಟ್ ವಿಶ್ಲೇಷಣೆಯ ತರಗತಿಯಲ್ಲಿ ಉಪನ್ಯಾಸವನ್ನು ಪೂರ್ತಿ ಕೈಬಿಟ್ಟೆ. ನೋಡಲ್ ವಿಶ್ಲೇಷಣೆಯ (ಸರ್ಕ್ಯೂಟ್‌ನ ಭಾಗಗಳು ಕೂಡುವ ಬಿಂದುಗಳ, ಅಂದರೆ ನೋಡ್‌ಗಳ, ವೋಲ್ಟೇಜ್ ಕಂಡುಹಿಡಿಯುವ ವಿಧಾನ) ಸಮೀಕರಣವನ್ನು ಒಮ್ಮೆಯೂ ಬರೆದು ನೋಡಿರದ ಮಕ್ಕಳಿಗೆ ನೇರವಾಗಿ ನಾಲ್ಕು ನೋಡ್‌ಗಳ ಸರ್ಕ್ಯೂಟ್ ಕೊಟ್ಟು ‘ಚರ್ಚಿಸಿ’ ಎಂದೆ. ಚರ್ಚೆ ನಡೆಯಿತು, ಆದರೆ ಸರ್ಕ್ಯೂಟ್ ಬಿಟ್ಟು ಉಳಿದೆಲ್ಲದರ ಬಗ್ಗೆ ನಡೆಯಿತು. ಪ್ರತಿ ಗುಂಪಿನಲ್ಲಿ ಟ್ಯೂಷನ್‌ನಲ್ಲಿ ಮೊದಲೇ ಕಲಿತಿದ್ದ ಒಬ್ಬ ಬಿಡಿಸಿದ, ಉಳಿದವರು ನಕಲು ಮಾಡಿಕೊಂಡರು. ಇಂಟರ್ನಲ್ಸ್‌ನಲ್ಲಿ ಆ ಅಧ್ಯಾಯ ಹಿಂದಿನ ವರ್ಷಕ್ಕಿಂತ ಕೆಟ್ಟದಾಗಿ ಬಂತು.

ಆಮೇಲೆ ಓದಿದಾಗ ಗೊತ್ತಾಯಿತು, ನನ್ನ ತಪ್ಪಿನ ಬಗ್ಗೆ ಸಂಶೋಧನೆಯೂ ಇದೆ ಎಂದು. ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲೇ ಬೀಜಗಣಿತದಲ್ಲಿ ತೋರಿಸಿದ್ದರು: ಹೊಸಬರು ತಾವೇ ಲೆಕ್ಕದೊಡನೆ ಗುದ್ದಾಡುವುದಕ್ಕಿಂತ, ಬಿಡಿಸಿದ ಮಾದರಿ ಲೆಕ್ಕಗಳನ್ನು ಅಭ್ಯಾಸ ಮಾಡಿದಾಗ ಕಡಿಮೆ ಹೊತ್ತಿನಲ್ಲಿ ಕಲಿಯುತ್ತಾರೆ. ಒಮ್ಮೆಗೆ ನೆನಪಿನಲ್ಲಿ ಹಿಡಿದಿಡಬಲ್ಲ ಸಂಗತಿಗಳಿಗೆ ಮಿತಿಯಿದೆ. ಹೊಸಬನ ನೆನಪೆಲ್ಲ ‘ಮುಂದಿನ ಹೆಜ್ಜೆ ಯಾವುದು’ ಎಂಬ ಹುಡುಕಾಟದಲ್ಲೇ ತುಂಬಿಹೋದರೆ ವಿಧಾನವನ್ನು ಗಮನಿಸಲು ಜಾಗವೇ ಉಳಿಯುವುದಿಲ್ಲ. ಸೋಜಿಗವೆಂದರೆ, ವಿಷಯ ಬಲ್ಲವನಾದ ಮೇಲೆ ಅದೇ ಮಾದರಿ ಲೆಕ್ಕಗಳು ಅವನಿಗೆ ಅಡ್ಡಿಯಾಗತೊಡಗುತ್ತವೆ.

ಈಗ ನಾನು ಮೊದಲ ಲೆಕ್ಕವನ್ನು ಪೂರ್ತಿ ಬಿಡಿಸಿ ಕೊಡುತ್ತೇನೆ, ಎರಡನೆಯದರಲ್ಲಿ ಕೊನೆಯ ಎರಡು ಹೆಜ್ಜೆಗಳನ್ನು ಬಿಡುತ್ತೇನೆ, ಮೂರನೆಯದರಲ್ಲಿ ಸರ್ಕ್ಯೂಟ್ ಮತ್ತು ನೋಡ್‌ಗಳ ಗುರುತು ಮಾತ್ರ ಇರುತ್ತದೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಗುಂಪಿಗೆ ಮಾತಾಡಲು ಏನಾದರೂ ಇರುತ್ತದೆ.

ಕರಿಹಲಗೆ:
ಮೇಡಂ, ನಿಮ್ಮ ಪ್ರಾಮಾಣಿಕತೆಗೆ ಅಭಿನಂದನೆಗಳು. ನಾನು ಹೇಳುತ್ತಿರುವುದೂ ಅದನ್ನೇ. ಕಿರ್ಶ್ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರಲ್ಲಿ, ಮಾರ್ಗದರ್ಶನ ಕಡಿಮೆ ಮಾಡಿ ಕಲಿಸುವ ವಿಧಾನಗಳು ಕೆಲಸ ಮಾಡುವುದಿಲ್ಲ ಎಂದು ಬರೆದ ಲೇಖನವನ್ನು ಎಲ್ಲರೂ ಓದಬೇಕು. ಉಪನ್ಯಾಸವನ್ನು ಸಮರ್ಥಿಸುವ ಸಂಶೋಧನೆಯೂ ಇದೆ.

ಸಂಶೋಧನಾರ್ಥಿ:
ಇಲ್ಲ ಸರ್, ಕ್ಷಮಿಸಿ, ಆ ಲೇಖನ ಉಪನ್ಯಾಸವನ್ನು ಸಮರ್ಥಿಸುವುದಿಲ್ಲ. ಮಾರ್ಗದರ್ಶನವಿಲ್ಲದೆ ಬಿಟ್ಟುಬಿಡುವುದನ್ನು ಅದು ವಿರೋಧಿಸುತ್ತದೆ. ಬಿಡಿಸಿದ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಅಭ್ಯಾಸ ಮಾಡುವುದು ಒಂದು ಕೆಲಸ, 50 ನಿಮಿಷ ಬೋರ್ಡಿನಿಂದ ನಕಲು ಮಾಡಿಕೊಳ್ಳುವುದು ಬೇರೆಯೇ ಕೆಲಸ. ಸ್ಥಿರತೂಕ ಅವರು ಮಾಡಿದ್ದರಲ್ಲಿ ವಿವರಣೆಯೂ ಇತ್ತು, ಬೆಂಚುಗಳ ನಡುವೆ ಓಡಾಟವೂ ಇತ್ತು. ಅದನ್ನು ಮಾರ್ಗದರ್ಶನ ಕಡಿಮೆಯಾದ ಕ್ರಮ ಎಂದು ಕರೆಯಲು ಬರುವುದಿಲ್ಲ.

ಕರಿಹಲಗೆ:
ಒಪ್ಪಿದೆ, ಆದರೆ ಒಳ್ಳೆಯ ಉಪನ್ಯಾಸಕ ಮತ್ತು ಕೆಟ್ಟ ಉಪನ್ಯಾಸಕ ಇಬ್ಬರನ್ನೂ ಸೇರಿಸಿ ಸರಾಸರಿ ತೆಗೆದರೆ ಉಪನ್ಯಾಸ ಸೋಲದೆ ಏನಾದೀತು?

ಸಂಶೋಧನಾರ್ಥಿ:
ಆ ಆಕ್ಷೇಪವನ್ನೂ ಪರೀಕ್ಷಿಸಿದ್ದಾರೆ. ಡೆಲೋರಿಯೆ, ಎಲೆನ್ ಶೆಲ್ಯೂ ಮತ್ತು ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳ ಮೆಚ್ಚುಗೆ ಪಡೆದಿದ್ದ ಅನುಭವಿ ಅಧ್ಯಾಪಕರ ಉಪನ್ಯಾಸವನ್ನು, ಅಷ್ಟೇನೂ ಬೋಧನಾನುಭವವಿಲ್ಲದ ಆದರೆ ಸಂಶೋಧನೆ ಆಧರಿಸಿದ ವಿಧಾನದಲ್ಲಿ ತರಬೇತಾದವರ ತರಗತಿಯೊಡನೆ ಹೋಲಿಸಿದರು. ವಿದ್ಯುತ್ಕಾಂತೀಯ ಅಲೆಗಳ ಒಂದು ವಾರದ ಪಾಠದ ನಂತರದ ಪರೀಕ್ಷೆಯಲ್ಲಿ ಉಪನ್ಯಾಸದ ಸರಾಸರಿ ಶೇ 41, ಇನ್ನೊಂದರದು ಶೇ 74.

ಅಂಕಿಸಂಖ್ಯೆ:
ಒಂದೇ ವಾರದ ಪ್ರಯೋಗ ಅದು ಎಂಬುದನ್ನು ಸೇರಿಸಿಕೊಳ್ಳಿ. ಹೊಸತನದ ಆಕರ್ಷಣೆಯನ್ನು ಒಂದು ವಾರದಲ್ಲಿ ಬೇರ್ಪಡಿಸಲು ಬರುವುದಿಲ್ಲ, ಮತ್ತು ಪ್ರಯೋಗ ನಡೆಸಿದವರೇ ಪಾಠವನ್ನೂ ಮಾಡಿದ್ದರು. ಫಲಿತಾಂಶ ಸುಳ್ಳು ಎನ್ನುತ್ತಿಲ್ಲ. ಆ 41ಕ್ಕೂ 74ಕ್ಕೂ ನಡುವಿನ ಅಂತರವನ್ನು ಹಾಗೆಯೇ ನಿಮ್ಮ ತರಗತಿಯಲ್ಲಿ ನಿರೀಕ್ಷಿಸಬೇಡಿ ಎನ್ನುತ್ತಿದ್ದೇನೆ.

ಮೊದಲನೆಬೆಂಚು:
ನಾನು ಎರಡನೆಯ ವರ್ಷದ ವಿದ್ಯಾರ್ಥಿನಿ. ಇಷ್ಟು ಹೊತ್ತು ನಮ್ಮ ಬಗ್ಗೆಯೇ ಮಾತಾಡುತ್ತಿದ್ದೀರಿ, ಆದ್ದರಿಂದ ನಮ್ಮ ಕಡೆಯ ಮಾತನ್ನೂ ಹೇಳುತ್ತೇನೆ.

ನಮಗೂ ಒಂದು ವಿಷಯದಲ್ಲಿ ಗುಂಪು ಮಾಡಿ ಕಲಿಸಿದರು. ನಮ್ಮ ಮೂವರಲ್ಲಿ ಒಬ್ಬಳು ಲೆಕ್ಕ ಮಾಡುತ್ತಿದ್ದಳು, ನಾನು ನೀಟಾಗಿ ಬರೆಯುತ್ತಿದ್ದೆ, ಮೂರನೆಯವನು ಮೇಷ್ಟ್ರು ಬಂದಾಗ ತಲೆಯಾಡಿಸುತ್ತಿದ್ದ. ಮೂವರಿಗೂ ಒಂದೇ ಅಂಕ. ಇದು ನ್ಯಾಯವಲ್ಲ ಎಂದು ಹೇಳಿದರೆ ‘ಟೀಂ ವರ್ಕ್ ಕಲಿಯಬೇಕು’ ಎಂಬ ಉತ್ತರ ಬಂತು. ಕೊನೆಯ ಪರೀಕ್ಷೆಯಲ್ಲಿ ಪ್ರಶ್ನೆಗಳೆಲ್ಲ ಹಳೆಯ ಪತ್ರಿಕೆಗಳಿಂದಲೇ ಬಂದವು. ಹಳೆಯ ಪತ್ರಿಕೆಗಳನ್ನು ಗಿಣಿಪಾಠ ಮಾಡಿದವರು ನಮಗಿಂತ ಹೆಚ್ಚು ಅಂಕ ತೆಗೆದರು. ಹೀಗಿರುವಾಗ ತರಗತಿಯಲ್ಲಿ ಒದ್ದಾಡಿದ್ದು ಯಾವ ಪುರುಷಾರ್ಥಕ್ಕೆ ಎಂದು ನಮಗೆ ಅನಿಸಿದರೆ ಅದು ಭ್ರಮೆಯೇ ಸರ್? ಸ್ಥಿರತೂಕ ಸರ್ ಅವರ ವಿದ್ಯಾರ್ಥಿಗಳು ಬರೆದದ್ದರಲ್ಲಿಯೂ ಸ್ವಲ್ಪ ನಿಜ ಇರಬಹುದು.

ಸ್ಥಿರತೂಕ:
ತಂಗಿ, ನಿನ್ನ ಮಾತು ನಾಟಿತು. ನನ್ನ ಪತ್ರಿಕೆಯಲ್ಲಿಯೂ ಹೊಸ ರಚನೆಯ ಪ್ರಶ್ನೆ ಇದ್ದದ್ದು ಒಂದೇ, ಉಳಿದವೆಲ್ಲ ಹಳೆಯ ಅಚ್ಚಿನವು. ತರಗತಿಯಲ್ಲಿ ಒಂದನ್ನು ಮಾಡಿಸಿ ಪರೀಕ್ಷೆಯಲ್ಲಿ ಇನ್ನೊಂದನ್ನು ಕೇಳಿದ್ದೇನೆ.

ಸರ್ಕ್ಯೂಟ್‌ಮೇಡಂ:
ಗುಂಪಿನ ಅಂಕದ ವಿಷಯದಲ್ಲಿ ವಿದ್ಯಾರ್ಥಿನಿ ಹೇಳಿದ್ದು ಅಕ್ಷರಶಃ ಸರಿ. ಎಂಜಿನಿಯರಿಂಗ್ ತರಗತಿಗಳಿಗೆ ಸಹಕಾರಿ ಕಲಿಕೆಯನ್ನು 1981ರ ಸುಮಾರಿಗೆ ಪರಿಚಯಿಸಿದ ಕಾರ್ಲ್ ಸ್ಮಿತ್ ಮೊದಲಿನಿಂದಲೂ ಒತ್ತಿ ಹೇಳಿದ್ದು ವೈಯಕ್ತಿಕ ಹೊಣೆಯನ್ನು. ಅದಿಲ್ಲದಿದ್ದರೆ ಅದು ಸಹಕಾರವಲ್ಲ, ಒಂದೇ ಬೆಂಚಿನಲ್ಲಿ ಮೂವರು ಕೂತಿರುವುದು ಅಷ್ಟೆ. ನಾನು ಗುಂಪಿನಲ್ಲಿ ಯಾರು ಉತ್ತರ ಹೇಳಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತೇನೆ. ತಲೆಯಾಡಿಸುವವನ ಹೆಸರು ಎರಡು ಸಲ ಬಂದರೆ ಸಾಕು, ಮೂರನೆಯ ಸಲ ಅವನೇ ಲೆಕ್ಕ ಬಿಡಿಸುತ್ತಿರುತ್ತಾನೆ.

ಕೊನೆಬೆಂಚಿನವ:
ಇಷ್ಟೆಲ್ಲ ಏಕೆ? ಕೆಲವರು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು. ಅವರವರ ಶೈಲಿಗೆ ತಕ್ಕಂತೆ ಕಲಿಸಿದರೆ ಮುಗಿಯಿತಲ್ಲ. ನಮ್ಮ ಕಚೇರಿಯ ತರಬೇತಿಯಲ್ಲಿ ಕಳೆದ ವಾರವಷ್ಟೇ ಒಂದು ಪಿರಮಿಡ್ ತೋರಿಸಿದರು: ಓದಿದ್ದರಲ್ಲಿ ಶೇ 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ 20, ಮಾಡಿದ್ದರಲ್ಲಿ ಶೇ 90.

ಸಂಶೋಧನಾರ್ಥಿ:
ಒಂದೇ ಉಸಿರಿನಲ್ಲಿ ಎರಡು ಕಟ್ಟುಕಥೆಗಳನ್ನು ಹೇಳಿದ್ದೀರಿ. ಆ ಪಿರಮಿಡ್‌ನ ಮೂಲ ಎಂದು ಹೇಳುವ ಎಡ್ಗರ್ ಡೇಲ್ ಅವರ 1946ರ ಶಂಕುವಿನಾಕಾರದ ಚಿತ್ರದಲ್ಲಿ ಅಂಕಿಗಳೇ ಇರಲಿಲ್ಲ, ಅವನ್ನು ಆಮೇಲೆ ಬೇರೆಯವರು ಅಂಟಿಸಿದರು. ಎಲ್ಲವೂ ಹತ್ತರ ಮಗ್ಗಿಯಲ್ಲಿ ಬರುವ ಯಾವ ನಿಜವಾದ ಅಳತೆಯನ್ನು ನೀವು ನೋಡಿದ್ದೀರಿ?

ಕಲಿಕೆಯ ಶೈಲಿಯ ಮಾತು ನಮ್ಮ ಕ್ಷೇತ್ರದಲ್ಲಿ ಸ್ವಲ್ಪ ಸೂಕ್ಷ್ಮವಾದದ್ದು. ರಿಚರ್ಡ್ ಫೆಲ್ಡರ್ ಮತ್ತು ಲಿಂಡಾ ಸಿಲ್ವರ್‌ಮನ್ 1988ರಲ್ಲಿ ಬರೆದ ಲೇಖನ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡವುಗಳಲ್ಲಿ ಒಂದು. ಆದರೆ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಪರಿಶೀಲಿಸಿದಾಗ, ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ತಕ್ಕ ಪುರಾವೆ ಸಿಗಲಿಲ್ಲ. ಫೆಲ್ಡರ್ ಅವರೂ ಪ್ರತಿಯೊಬ್ಬರಿಗೂ ಅವರವರ ಶೈಲಿಯಲ್ಲಿ ಕಲಿಸಿ ಎನ್ನಲಿಲ್ಲ, ಎಲ್ಲರಿಗೂ ಎಲ್ಲ ಬಗೆಯಲ್ಲಿ ಸಮತೋಲದಿಂದ ಕಲಿಸಿ ಎಂದರು. ಟ್ರಸ್‌ನ ಚಿತ್ರವನ್ನು ‘ಕೇಳಿ ಕಲಿಯುವವನಿಗೆ’ ಬಾಯಲ್ಲಿ ಹೇಳಲು ಕೂತರೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ಕೊನೆಬೆಂಚಿನವ:
ಪಿರಮಿಡ್ ಹೋಯಿತು, ಬೇಸರವಿಲ್ಲ. ಆದರೆ ಕೆಲಸ ಮಾಡುವವನಾಗಿ ಒಂದು ಮಾತು ಹೇಳಲು ಬಿಡಿ. ನಿಮ್ಮೆಲ್ಲರ ಲೆಕ್ಕಗಳೂ ಕೊಟ್ಟ ಸಂಖ್ಯೆಗಳಿಂದ ಶುರುವಾಗುತ್ತವೆ. ನಮ್ಮಲ್ಲಿ ಯಾರೂ ಸಂಖ್ಯೆ ಕೊಡುವುದಿಲ್ಲ. ಗ್ರಾಹಕನಿಗೆ ಏನು ಬೇಕು ಎಂಬುದು ಅವನಿಗೇ ಗೊತ್ತಿರುವುದಿಲ್ಲ. ಸಮಸ್ಯೆ ಯಾವುದು ಎಂದು ಕಂಡುಕೊಳ್ಳುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ, ಅದನ್ನು ಮಾತ್ರ ಯಾವ ಸೆಮಿಸ್ಟರ್‌ನಲ್ಲಿಯೂ ಕಲಿಸುವುದಿಲ್ಲ.

ಸಂಶೋಧನಾರ್ಥಿ:
ಈ ಮಾತಿಗೆ ಮಾತ್ರ ಪುರಾವೆ ನಿಮ್ಮ ಕಡೆಗೇ ಇದೆ. ಸಿಂಥಿಯಾ ಆಟ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೂ ಅನುಭವಿ ಎಂಜಿನಿಯರುಗಳಿಗೂ ಮಕ್ಕಳ ಆಟದ ಮೈದಾನವೊಂದನ್ನು ವಿನ್ಯಾಸ ಮಾಡಲು ಕೊಟ್ಟು, ಅವರು ಗಟ್ಟಿಯಾಗಿ ಯೋಚಿಸಿದ್ದನ್ನೆಲ್ಲ ದಾಖಲಿಸಿಕೊಂಡರು. ಅನುಭವಿಗಳು ಸಮಸ್ಯೆಯ ಎಲ್ಲೆ ಗುರುತಿಸಲು ವಿದ್ಯಾರ್ಥಿಗಳಿಗಿಂತ ಗಣನೀಯವಾಗಿ ಹೆಚ್ಚು ಹೊತ್ತು ತೆಗೆದುಕೊಂಡರು, ಹೆಚ್ಚು ಮಾಹಿತಿಯನ್ನೂ ಕೇಳಿದರು.

ಲ್ಯಾಬ್‌ಮೇಷ್ಟ್ರು:
ಎಲ್ಲರೂ ತರಗತಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಲ್ಯಾಬ್‌ನಲ್ಲಿ ಮಕ್ಕಳು ‘ಮಾಡಿ ಕಲಿಯುತ್ತಾರೆ’ ಎಂದು ಎಲ್ಲರೂ ನಂಬಿದ್ದೀರಿ, ಅಲ್ಲವೇ? ಹಾಗಾದರೆ ಕೇಳಿ. ನತಾಶಾ ಹೋಮ್ಸ್, ವೀಮನ್ ಮತ್ತಿತರರು ಮೂರು ಸಂಸ್ಥೆಗಳ ಒಂಬತ್ತು ಭೌತಶಾಸ್ತ್ರ ಲ್ಯಾಬ್ ಕೋರ್ಸ್‌ಗಳನ್ನು ಪರಿಶೀಲಿಸಿದಾಗ, ತರಗತಿಯ ಪಾಠವನ್ನು ಗಟ್ಟಿ ಮಾಡಲೆಂದು ಇಟ್ಟ ಲ್ಯಾಬ್‌ಗಳಿಂದ ಪರೀಕ್ಷೆಯ ಉತ್ತರಗಳಲ್ಲಿ ಅಳೆಯಬಹುದಾದ ಯಾವ ಲಾಭವೂ ಕಾಣಲಿಲ್ಲ.

ನನಗೆ ಆಶ್ಚರ್ಯವಾಗಲಿಲ್ಲ. ಮ್ಯಾನ್ಯುಯಲ್‌ನಲ್ಲಿ ಹೇಳಿದ ಹೆಜ್ಜೆಗಳನ್ನು ಹಾಕಿ, ಸೀನಿಯರ್‌ನ ರೆಕಾರ್ಡ್ ನೋಡಿ ರೀಡಿಂಗ್ ಸರಿಹೊಂದಿಸಿ, ಗ್ರಾಫ್ ನೇರವಾಗಿ ಬರುವಂತೆ ಒಂದೆರಡು ಬಿಂದುಗಳನ್ನು ಸರಿಸಿ ಸಹಿ ಹಾಕಿಸಿಕೊಳ್ಳುವ ಕಲೆಯಲ್ಲಿ ನಮ್ಮ ಮಕ್ಕಳು ಪಳಗಿದ್ದಾರೆ. ತಪ್ಪು ಅವರದಲ್ಲ. ಪುಸ್ತಕದ ಉತ್ತರಕ್ಕೆ ಹತ್ತಿರ ಬಂದರೆ ಅಂಕ, ದೂರ ಹೋದರೆ ಬೈಗುಳ ಎಂಬ ಪದ್ಧತಿಯನ್ನು ಇಟ್ಟವರು ನಾವು.

ನಾನು ಈಗ ಮಾಡುವುದು ಒಂದೇ ಸಣ್ಣ ಬದಲಾವಣೆ. ಸ್ವಿಚ್ ಒತ್ತುವ ಮೊದಲು ಏನಾಗುತ್ತದೆ ಎಂದು ಪ್ರತಿಯೊಬ್ಬರೂ ಬರೆದು ಕೊಡಬೇಕು. ಕ್ಯಾಥರೀನ್ ಕ್ರೌಚ್ ಮತ್ತು ಸಂಗಡಿಗರು 2004ರಲ್ಲಿ ಹಾರ್ವರ್ಡ್‌ನ ತರಗತಿ ಪ್ರದರ್ಶನಗಳ ಬಗ್ಗೆ ತೋರಿಸಿದ್ದರು: ಸುಮ್ಮನೆ ನೋಡಿದವರು ಪ್ರಯೋಗವನ್ನು ನೋಡದೇ ಇದ್ದವರಿಗಿಂತ ಹೆಚ್ಚೇನೂ ಅರ್ಥ ಮಾಡಿಕೊಂಡಿರಲಿಲ್ಲ, ಮೊದಲೇ ಊಹಿಸಿ ನೋಡಿದವರು ಮುಂದಿದ್ದರು. ತನ್ನ ಊಹೆ ಸುಳ್ಳಾದಾಗ ಮಾತ್ರ ಹುಡುಗ ಮೀಟರ್ ಕಡೆಗೆ ನಿಜವಾಗಿ ನೋಡುತ್ತಾನೆ. ಮೊದಲು ‘ಮೀಟರ್ ಕೆಟ್ಟಿದೆ’ ಎನ್ನುತ್ತಾನೆ, ಅದು ಬೇರೆ ಮಾತು.

ಅಂಕಿಸಂಖ್ಯೆ:
ಲ್ಯಾಬ್‌ನಿಂದ ಲಾಭವೇ ಇಲ್ಲ ಎಂದು ಯಾರೂ ಓದಿಕೊಳ್ಳದಿರಲಿ. ಆ ಅಧ್ಯಯನ ಅಳೆದದ್ದು ಪಾಠದ ವಿಷಯದ ತಿಳಿವಳಿಕೆಯನ್ನು ಮಾತ್ರ. ಲೈಲ್ ಫೈಸಲ್ ಮತ್ತು ಆಲ್ಬರ್ಟ್ ರೋಸಾ 2005ರ ಲೇಖನದಲ್ಲಿ ಎಂಜಿನಿಯರಿಂಗ್ ಲ್ಯಾಬ್‌ಗೆ 13 ಉದ್ದೇಶಗಳನ್ನು ಕೊಡುತ್ತಾರೆ. ಉಪಕರಣ ಬಳಕೆ, ಪ್ರಯೋಗದ ವಿನ್ಯಾಸ, ವೈಫಲ್ಯದಿಂದ ಕಲಿಯುವುದು ಎಲ್ಲವೂ ಅದರಲ್ಲಿವೆ.

ಲ್ಯಾಬ್‌ಮೇಷ್ಟ್ರು:
ವೈಫಲ್ಯದಿಂದ ಕಲಿಯುವುದಕ್ಕೆ ರೆಕಾರ್ಡ್‌ನಲ್ಲಿ ಯಾವ ಕಾಲಂ ಇದೆ ಎಂದು ತೋರಿಸಿ ಸರ್.

ಸರ್ಕ್ಯೂಟ್‌ಮೇಡಂ:
ಕಲಿತಂತೆ ಅನಿಸುವುದಕ್ಕೂ ಕಲಿಯುವುದಕ್ಕೂ ಇರುವ ಅಂತರಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಅದು ನಮ್ಮ ಪಠ್ಯಪುಸ್ತಕಗಳಲ್ಲೇ ಅಡಗಿದೆ. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪು ಒಂದೊಂದೇ ಬಗೆಯನ್ನು ಸಾಲಾಗಿ ಅಭ್ಯಾಸ ಮಾಡಿತು, ಇನ್ನೊಂದು ಎಲ್ಲವನ್ನೂ ಕಲಸಿ ಅಭ್ಯಾಸ ಮಾಡಿತು. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಮಾಡಿದವರು ಶೇ 89 ಸರಿ, ಕಲಸಿ ಮಾಡಿದವರು ಶೇ 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅದು ತಿರುಗಿಬಿತ್ತು: ಸಾಲಾಗಿ ಮಾಡಿದವರು ಶೇ 20, ಕಲಸಿ ಮಾಡಿದವರು ಶೇ 63.

ಅಧ್ಯಾಯದ ಕೊನೆಯ ಲೆಕ್ಕಗಳೆಲ್ಲ ಆ ಅಧ್ಯಾಯದ ಸೂತ್ರದಿಂದಲೇ ಬಿಡಿಸುವಂಥವು. ಯಾವ ಸೂತ್ರ ಎಂದು ಆರಿಸುವ ಕೆಲಸವನ್ನು ಪುಸ್ತಕದ ಶೀರ್ಷಿಕೆಯೇ ಮಾಡಿಬಿಟ್ಟಿರುತ್ತದೆ. ನಾನು ಈಗ ಪ್ರತಿ ವಾರದ ಹೋಂವರ್ಕ್‌ನಲ್ಲಿ ಅರ್ಧದಷ್ಟು ಲೆಕ್ಕಗಳನ್ನು ಹಿಂದಿನ ಅಧ್ಯಾಯಗಳಿಂದ, ಗುರುತು ಸಿಗದಂತೆ ಕಲಸಿ ಕೊಡುತ್ತೇನೆ. ಮೊದಲ ತಿಂಗಳು ಗೊಣಗಾಟ ಇರುತ್ತದೆ.

ಸ್ಥಿರತೂಕ:
ಫೀಡ್‌ಬ್ಯಾಕ್ ವಿಷಯಕ್ಕೆ ಮರಳುತ್ತೇನೆ. ಮುಖ್ಯಸ್ಥರ ಮುಂದೆ ಇಡಲು ನನ್ನ ಬಳಿ ಏನಿದೆ?

ಅಂಕಿಸಂಖ್ಯೆ:
ಬಾಬ್ ಉಟ್ಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯನ್ನು ಇಡಿ. ಒಂದೇ ಕೋರ್ಸ್‌ನ ಹಲವು ಸೆಕ್ಷನ್‌ಗಳನ್ನು ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಟ್ಟ ಅಂಕಕ್ಕೂ ಅವರು ಕಲಿತದ್ದಕ್ಕೂ ಸಂಬಂಧ ಕಾಣಲಿಲ್ಲ. ಆದರೆ ಅದನ್ನು ಮುಖ್ಯಸ್ಥರ ಮೇಜಿನ ಮೇಲೆ ಕುಕ್ಕಬೇಡಿ, ಅವರೂ ಅದೇ ಫೀಡ್‌ಬ್ಯಾಕ್‌ನಿಂದ ಬಡ್ತಿ ಪಡೆದವರಿರಬಹುದು.

ಮೊದಲನೆಬೆಂಚು:
ಹಾಗೆಂದು ನಾವು ಬರೆದದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಡಿ. ನಾವು ಕಲಿತೆವೋ ಇಲ್ಲವೋ ಎಂದು ನಮಗೆ ಗೊತ್ತಾಗದಿರಬಹುದು, ಗುಂಪಿನಲ್ಲಿ ಒಬ್ಬನೇ ಕೆಲಸ ಮಾಡಿದ ಎಂಬುದು ಚೆನ್ನಾಗಿ ಗೊತ್ತಾಗುತ್ತದೆ.

ಸಂಶೋಧನಾರ್ಥಿ:
ಒಪ್ಪಬೇಕಾದ ಮಾತು. ಸ್ಥಿರತೂಕ ಸರ್, ಡೆಲೋರಿಯೆ ಅವರ ಲೇಖನದಲ್ಲೇ ಒಂದು ಸಲಹೆಯೂ ಇದೆ. ಸೆಮಿಸ್ಟರ್ ಆರಂಭದಲ್ಲೇ ಈ ಭ್ರಮೆಯ ಬಗ್ಗೆ ವಿದ್ಯಾರ್ಥಿಗಳಿಗೆ ಹೇಳಿ. ಬರೇ ಹೇಳಿದರೆ ನಂಬುವುದಿಲ್ಲ, ಮೊದಲ ದಿನವೇ ಒಂದು ಪ್ರಶ್ನೆ ಕೊಟ್ಟು ನೋಡಿ. ಎರಿಕ್ ಮಜೂರ್ 1991ರಲ್ಲಿ ಹಾರ್ವರ್ಡ್‌ನಲ್ಲಿ ಆರಂಭಿಸಿದ ಸಹಪಾಠಿ ಬೋಧನೆಯ ಕ್ರಮ ಅದೇ: ಪ್ರಶ್ನೆ ಕೊಡುವುದು, ಒಬ್ಬೊಬ್ಬರೇ ಯೋಚಿಸಿ ಮತ ಹಾಕುವುದು, ಪಕ್ಕದವರನ್ನು ಒಪ್ಪಿಸಲು ಯತ್ನಿಸುವುದು, ಮತ್ತೆ ಮತ ಹಾಕುವುದು. ಇಲ್ಲಿಯೇ ಒಂದನ್ನು ಹಾಕುತ್ತೇನೆ, ಭೌತಶಾಸ್ತ್ರದ ಹಳೆಯ ಪ್ರಶ್ನೆ. ಒಂದು ಹಗುರವಾದ ಸ್ಪ್ರಿಂಗ್ ತಕ್ಕಡಿಯನ್ನು ಅಡ್ಡಲಾಗಿ ಇಟ್ಟಿದೆ. ಅದರ ಎರಡೂ ತುದಿಗಳಿಗೆ ಕಟ್ಟಿದ ಹಗ್ಗಗಳು ಘರ್ಷಣೆಯಿಲ್ಲದ ರಾಟೆಗಳ ಮೇಲೆ ಹಾದು ಕೆಳಗಿಳಿದಿವೆ. ಎರಡೂ ಕಡೆ 100 ನ್ಯೂಟನ್ ತೂಕ ತೂಗುತ್ತಿದೆ. ತಕ್ಕಡಿ ಎಷ್ಟು ತೋರಿಸುತ್ತದೆ: ಸೊನ್ನೆಯೇ, 100 ಆಗಿರಬಹುದೇ, 200 ಆಗಿರಬಹುದೇ?

ಕೊನೆಬೆಂಚಿನವ:
ಎರಡೂ ಕಡೆ ಸಮವಾಗಿ ಎಳೆಯುತ್ತಿರುವುದರಿಂದ ಸೊನ್ನೆ.

ಮೊದಲನೆಬೆಂಚು:
ಸೊನ್ನೆ ಆಗಲು ಸಾಧ್ಯವೇ ಇಲ್ಲ, ಸ್ಪ್ರಿಂಗ್ ಹಿಗ್ಗಿರುತ್ತದೆ. ಎರಡು ಕಡೆಯಿಂದಲೂ 100 ಎಳೆಯುತ್ತಿರುವುದರಿಂದ 200.

ಕೊನೆಬೆಂಚಿನವ:
ಸ್ಪ್ರಿಂಗ್ ಹಿಗ್ಗಿರುತ್ತದೆ ಎಂಬುದು ಸರಿ, ಸೊನ್ನೆಯನ್ನು ಹಿಂತೆಗೆದುಕೊಂಡೆ. ನಾನೂ 200ಕ್ಕೆ ಬಂದೆ.

ಸ್ಥಿರತೂಕ:
ಕರಿಹಲಗೆ ಸರ್, ದಯವಿಟ್ಟು ಉತ್ತರ ಹೇಳಿಬಿಡಬೇಡಿ.

ಕರಿಹಲಗೆ:
ಹೇಳುವುದಿಲ್ಲ, ಆದರೆ ಒಂದು ಮಾತು ಕೇಳುತ್ತೇನೆ. ಎಡಗಡೆಯ ತೂಕವನ್ನು ಬಿಚ್ಚಿ, ಆ ತುದಿಯ ಹಗ್ಗವನ್ನು ಗೋಡೆಯ ಮೊಳೆಗೆ ಕಟ್ಟಿ. ಬಲಗಡೆ 100 ನ್ಯೂಟನ್ ಹಾಗೆಯೇ ತೂಗುತ್ತಿರಲಿ. ಈಗ ತಕ್ಕಡಿ ಎಷ್ಟು ತೋರಿಸುತ್ತದೆ? ಮತ್ತು ಆ ಮೊಳೆ ಹಗ್ಗವನ್ನು ಎಷ್ಟು ಬಲದಿಂದ ಎಳೆಯುತ್ತಿದೆ?

ಮೊದಲನೆಬೆಂಚು:
ಗೋಡೆಗೆ ಕಟ್ಟಿದರೆ 100 ತೋರಿಸುತ್ತದೆ, ಅದು ಮಾಮೂಲಿಯಾಗಿ ತೂಗುವ ರೀತಿ. ಹಗ್ಗ ಅಲುಗಾಡದೆ ನಿಂತಿರುವುದರಿಂದ ಮೊಳೆಯೂ 100 ನ್ಯೂಟನ್ ಬಲದಿಂದಲೇ ಎಳೆಯುತ್ತಿರಬೇಕು. ಹಾಗಾದರೆ ಮೊಳೆ ಮಾಡುವ ಕೆಲಸವನ್ನೇ ಇನ್ನೊಂದು ತೂಕ ಮಾಡುತ್ತಿದೆ. ಉತ್ತರ 100. ಪರೀಕ್ಷೆಯಲ್ಲಿ ಟೆನ್ಷನ್ ಲೆಕ್ಕಗಳಿಗೆ ಪೂರ್ತಿ ಅಂಕ ತೆಗೆದಿದ್ದೆ ಸರ್.

ಲ್ಯಾಬ್‌ಮೇಷ್ಟ್ರು:
ಕರಿಹಲಗೆ ಅವರು 30 ವರ್ಷದ ನಂತರ ಪಾಠ ಮಾಡುವುದನ್ನು ನಿಲ್ಲಿಸಿಬಿಟ್ಟರು ಎಂದು ಫೀಡ್‌ಬ್ಯಾಕ್‌ನಲ್ಲಿ ಬರೆಯಬೇಕಾಗುತ್ತದೆ.

ಕರಿಹಲಗೆ:
ಉಪನ್ಯಾಸದ ನಡುವೆ ಪ್ರಶ್ನೆ ಕೇಳುವುದನ್ನು ನಾನು ಎಂದೂ ನಿಲ್ಲಿಸಿರಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದೆನೋ ಇಲ್ಲವೋ ಎಂಬುದನ್ನು ಮಾತ್ರ ಈಗ ಯೋಚಿಸಬೇಕಾಗಿದೆ. ಸ್ಥಿರತೂಕ, ನೀವು ಏನು ನಿರ್ಧರಿಸಿದಿರಿ?

ಸ್ಥಿರತೂಕ:
ಉಪನ್ಯಾಸಕ್ಕೆ ಪೂರ್ತಿ ಮರಳುವುದಿಲ್ಲ. ಪ್ರತಿ ಹೊಸ ವಿಧಾನಕ್ಕೂ ಮೊದಲು ಎರಡು ಲೆಕ್ಕಗಳನ್ನು ನಾನೇ ಬಿಡಿಸಿ ತೋರಿಸಿ, ಆಮೇಲೆ ಗುಂಪಿಗೆ ಬಿಡುತ್ತೇನೆ. ಗುಂಪಿಗೆ ಅಂಕವಿಲ್ಲ, ಚೀಟಿಯಲ್ಲಿ ಬಂದವರು ಉತ್ತರ ಹೇಳಬೇಕು. ಟ್ರಸ್ ಮತ್ತು ಘರ್ಷಣೆಯಲ್ಲಿ ಸೆಕ್ಷನ್‌ಗಳನ್ನು ಅದಲುಬದಲು ಮಾಡಿ, ಹೆಸರು ಮುಚ್ಚಿದ ಪತ್ರಿಕೆಗಳನ್ನು ಸಹೋದ್ಯೋಗಿಯಿಂದ ತಿದ್ದಿಸುತ್ತೇನೆ. ಪ್ರಶ್ನೆಪತ್ರಿಕೆಯಲ್ಲಿ ಅರ್ಧದಷ್ಟು ಹೊಸ ರಚನೆಗಳು ಇರುತ್ತವೆ ಎಂದು ಮೊದಲ ದಿನವೇ ಹೇಳುತ್ತೇನೆ, ತಕ್ಕಡಿಯ ಪ್ರಶ್ನೆಯನ್ನೂ ಅಂದೇ ಕೇಳುತ್ತೇನೆ. ಮುಖ್ಯಸ್ಥರಿಗೆ ಒಂದು ಸೆಮಿಸ್ಟರ್ ಕಾಲಾವಕಾಶ ಕೇಳಿದ್ದೇನೆ, ಅವರು ಇನ್ನೂ ಏನೂ ಹೇಳಿಲ್ಲ.

ಲ್ಯಾಬ್‌ಮೇಷ್ಟ್ರು:
ಹಾಗಾದರೆ ಎರಡನೆಯ ದಿನಕ್ಕೆ ನನ್ನದೊಂದು ಪ್ರಶ್ನೆ. ಅದೇ ತಕ್ಕಡಿ, ಅದೇ ರಾಟೆಗಳು. ಒಂದು ಕಡೆ 100 ನ್ಯೂಟನ್, ಇನ್ನೊಂದು ಕಡೆ 60 ನ್ಯೂಟನ್. ಹಿಡಿದಿದ್ದ ಕೈ ಬಿಟ್ಟ ಮೇಲೆ ತಕ್ಕಡಿ ಎಷ್ಟು ತೋರಿಸುತ್ತದೆ?

ಕೊನೆಬೆಂಚಿನವ:
ಈ ಸಲ ಮೋಸ ಹೋಗುವುದಿಲ್ಲ. ಎರಡರ ಸರಾಸರಿ, 80.

ಮೊದಲನೆಬೆಂಚು:
80 ಅಲ್ಲ. ವ್ಯವಸ್ಥೆ ನಿಂತಿಲ್ಲ, ಭಾರದ ಕಡೆಗೆ ವೇಗ ಪಡೆಯುತ್ತಿದೆ. ಎಳೆಯುವ ಬಲದ ವ್ಯತ್ಯಾಸ 40, ಒಟ್ಟು ತೂಕ 160, ಆದ್ದರಿಂದ ವೇಗೋತ್ಕರ್ಷ ಗುರುತ್ವದ ಕಾಲು ಭಾಗ. 60ರ ತೂಕ ಮೇಲಕ್ಕೆ ಹೋಗುತ್ತಿರುವುದರಿಂದ ಹಗ್ಗದ ಎಳೆತ 60ಕ್ಕೆ 15 ಸೇರಿ 75. 100ರ ಕಡೆಯಿಂದ ನೋಡಿದರೂ 100ರಲ್ಲಿ 25 ಕಳೆದು 75 ಬರುತ್ತದೆ.

ಕೊನೆಬೆಂಚಿನವ:
ಒಂದು ನಿಮಿಷ ಇರಿ, ನನಗೆ ಒಪ್ಪಿಗೆಯಾಗಿಲ್ಲ. 100ರ ಕಡೆಯ ಹಗ್ಗದಲ್ಲಿ 100 ಇರಲೇಬೇಕಲ್ಲ, ತೂಕ ಅದಕ್ಕೇ ತಾನೇ ನೇತಾಡುತ್ತಿರುವುದು?

ಕರಿಹಲಗೆ:
ಆ ತೂಕ ಒಂದನ್ನೇ ಬೇರ್ಪಡಿಸಿ ಫ್ರೀ ಬಾಡಿ ಡಯಗ್ರಾಂ ಬರೆದು ಇಲ್ಲಿ ಹಾಕಿ. ನಾನು ಕಾಯುತ್ತೇನೆ.